ಫ್ಲ್ಯಾಶ್ ಹೋಯಿತು, ಆಟ ಉಳಿಯಿತು

ಕಂಪ್ಯೂಟರಿಗೆ ಏನನ್ನೂ ಇಳಿಸಿಕೊಳ್ಳದೆ, ಜಾಲತಾಣದ ಪುಟ ತೆರೆದೊಡನೆ ಆಡಬಹುದಾದವು ಬ್ರೌಸರ್ ಆಟಗಳು. 1990ರ ದಶಕದ ಕೊನೆಯಿಂದ ಹದಿನೈದು ವರ್ಷಗಳಷ್ಟು ಕಾಲ ಇವುಗಳಲ್ಲಿ ಬಹುಪಾಲು ನೆಚ್ಚಿಕೊಂಡಿದ್ದು ಫ್ಲ್ಯಾಶ್ ಎಂಬ ತಂತ್ರಾಂಶವನ್ನು. 2020ರ ಡಿಸೆಂಬರ್ 31ಕ್ಕೆ ಅದರ ನಿರ್ವಹಣೆ ನಿಂತಿತು. ಜೊತೆಗೇ ಅಳಿಯಬೇಕಿದ್ದ ಸಾವಿರಾರು ಆಟಗಳು ಇಂದಿಗೂ ಆಡಲು ಸಿಗುತ್ತಿರುವುದು ಆಸಕ್ತರು ಕೈಗೊಂಡ ಸಂರಕ್ಷಣೆಯ ಕೆಲಸದಿಂದ.

ಫ್ಲ್ಯಾಶ್ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅಮೆರಿಕದ ಜೊನಾಥನ್ ಗೇ ಮತ್ತು ಸಂಗಡಿಗರ ಫ್ಯೂಚರ್‌ವೇವ್ ಕಂಪನಿ 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಆ್ಯನಿಮೇಟರ್ ಎಂಬ ಚಿತ್ರಚಲನೆಯ ತಂತ್ರಾಂಶ ಹೊರತಂದಿತು. ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು; 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಫ್ಲ್ಯಾಶ್ ಚಿತ್ರವನ್ನು ಚುಕ್ಕೆಗಳಾಗಿ ಅಲ್ಲ, ರೇಖೆಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತಿತ್ತು. ಒಂದು ಚೆಂಡು ತೋರಿಸಲು ಅದರ ಅಂಚಿನ ತಿರುವುಗಳೂ ಒಳಗೆ ತುಂಬುವ ಬಣ್ಣವೂ ಗೊತ್ತಿದ್ದರೆ ಸಾಕು. ಹೀಗಾಗಿ ಕೆಲವು ನೂರು ಕಿಲೋಬೈಟ್‌ಗಳಲ್ಲಿ ಇಡೀ ಆಟವೇ ಅಡಕವಾಗುತ್ತಿತ್ತು. ದೂರವಾಣಿ ತಂತಿಯ ಮೇಲೆ ಅಂತರಜಾಲ ತೆವಳುತ್ತಿದ್ದ ಕಾಲಕ್ಕೆ ಇದು ದೊಡ್ಡ ಅನುಕೂಲ.

2000ದಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಆ್ಯಕ್ಷನ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸೇರಿತು. ಚಿತ್ರ ಬರೆಯಬಲ್ಲವರು ಒಂದಿಷ್ಟು ಕೋಡ್ ಕಲಿತು ಒಬ್ಬರೇ ಆಟ ಕಟ್ಟುವುದು ಸಾಧ್ಯವಾಯಿತು. ಅದೇ ವರ್ಷ ಟಾಮ್ ಫಲ್ಪ್ ತಮ್ಮ ನ್ಯೂಗ್ರೌಂಡ್ಸ್ ತಾಣದಲ್ಲಿ ಯಾರು ಬೇಕಾದರೂ ಆಟ ಏರಿಸುವ ವ್ಯವಸ್ಥೆ ತಂದರು. ನೋಡುಗರೇ ಅಂಕ ಕೊಡುತ್ತಿದ್ದರು. ತೀರಾ ಕಡಿಮೆ ಅಂಕ ಬಂದದ್ದು ತಾಣದಿಂದ ಹೊರಬೀಳುತ್ತಿತ್ತು. ಇಂಥದೇ ಆಟದ ತಾಣಗಳಾದ ಮಿನಿಕ್ಲಿಪ್ 2001ರಲ್ಲಿ, ಕಾಂಗ್ರಿಗೇಟ್ 2006ರಲ್ಲಿ ಶುರುವಾದವು.

ಈ ಮುಕ್ತ ವಾತಾವರಣದಿಂದ ವಿಚಿತ್ರವಾದ, ಸ್ವಂತಿಕೆಯುಳ್ಳ ಆಟಗಳು ಬಂದವು. ಸ್ಲೊವೇನಿಯಾದ ವಿದ್ಯಾರ್ಥಿಯೊಬ್ಬ 2006ರಲ್ಲಿ ರೂಪಿಸಿದ ಲೈನ್ ರೈಡರ್‌ನಲ್ಲಿ ಗೆಲುವು-ಸೋಲು ಎಂಬುದೇ ಇಲ್ಲ. ಆಡುವವರು ಗೆರೆ ಎಳೆದರೆ ಜಾರುಬಂಡಿಯ ಮೇಲೆ ಕುಳಿತ ಪುಟ್ಟ ಗೊಂಬೆ ಅದರ ಮೇಲೆ ಜಾರುತ್ತದೆ, ಗೆರೆ ತಪ್ಪಿದರೆ ಉರುಳುತ್ತದೆ. ಬೆನೆಟ್ ಫಾಡಿ 2008ರಲ್ಲಿ ಮಾಡಿದ ಕ್ವಾಪ್‌ನಲ್ಲಿ ಓಟಗಾರನೊಬ್ಬ 100 ಮೀಟರ್ ಕ್ರಮಿಸಬೇಕು. ಕೀಬೋರ್ಡಿನ ಎರಡು ಕೀಲಿ ಅವನ ತೊಡೆಗಳಿಗೆ, ಇನ್ನೆರಡು ಮೀನಖಂಡಗಳಿಗೆ. ಹೊಸಬರ ಕೈಯಲ್ಲಿ ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಮಗುಚಿ ಬೀಳುತ್ತಾನೆ. ಫಲ್ಪ್ ಮತ್ತು ಡ್ಯಾನ್ ಪಲಾಡಿನ್ ಜೋಡಿಯ ಏಲಿಯನ್ ಹೋಮಿನಿಡ್ 2002ರಲ್ಲಿ ಬ್ರೌಸರಿನಲ್ಲಿ ಬಂದು, ಎರಡೇ ವರ್ಷಕ್ಕೆ ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗಳಿಗೂ ಏರಿತು.

ಆಟ ಉಚಿತವಾದ್ದರಿಂದ ಹಣ ಹುಟ್ಟುತ್ತಿದ್ದುದು ಜಾಹೀರಾತು ಮತ್ತು ಪ್ರಾಯೋಜಕರಿಂದ. ಹಣ ಕೊಟ್ಟ ತಾಣದಲ್ಲಿ ಮಾತ್ರ ಆಟ ತೆರೆಯುವಂತೆ ಕೆಲವರು ಅದರೊಳಗೇ ವಿಳಾಸ ಪರೀಕ್ಷಿಸುವ ಬೀಗ ಹಾಕುತ್ತಿದ್ದರು. ಆಗ ವ್ಯಾಪಾರಕ್ಕೆಂದು ಹಾಕಿದ ಈ ಬೀಗ ಮುಂದೆ ಸಂರಕ್ಷಣೆಗೆ ತೊಡಕಾಯಿತು.

ಇಳಿಗಾಲ ಮೊಬೈಲ್‌ನೊಂದಿಗೆ ಬಂತು. 2007ರ ಐಫೋನ್‌ನಲ್ಲಿ ಫ್ಲ್ಯಾಶ್‌ಗೆ ಜಾಗವಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಐಫೋನ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಕಾರಣಗಳನ್ನು ಪಟ್ಟಿ ಮಾಡಿದರು: ಬ್ಯಾಟರಿ ತಿನ್ನುತ್ತದೆ, ಸುರಕ್ಷತೆ ಸಾಲದು, ಬೆರಳಿನ ಸ್ಪರ್ಶಕ್ಕೆ ಹೊಂದುವುದಿಲ್ಲ, ಒಂದೇ ಕಂಪನಿಯ ಹಿಡಿತದಲ್ಲಿದೆ. ಮರುವರ್ಷ ಅಡೋಬಿ ಮೊಬೈಲ್ ಆವೃತ್ತಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಜಾಲಪುಟ ಬರೆಯುವ ಭಾಷೆಯ ಹೊಸ ರೂಪವಾದ ಎಚ್‌ಟಿಎಂಎಲ್5 ಬೆಳೆದು, ಫ್ಲ್ಯಾಶ್‌ನಂತೆ ಹೊರಗಿನಿಂದ ಜೋಡಿಸಬೇಕಾದ ಪ್ಲಗಿನ್ ಇಲ್ಲದೆಯೇ ಬ್ರೌಸರ್ ಚಲನೆ, ಧ್ವನಿಗಳನ್ನು ನಿಭಾಯಿಸತೊಡಗಿತ್ತು. 2017ರ ಜುಲೈನಲ್ಲಿ ಅಡೋಬಿ ಫ್ಲ್ಯಾಶ್‌ನ ಕೊನೆಯ ಗಡುವು ಸಾರಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನಾಗಿಯೇ ಯಾವ ಆಟವನ್ನೂ ತೆರೆಯದಾಯಿತು.

ಗಡುವಿಗೆ ಮುನ್ನವೇ ಉಳಿಸುವ ಯತ್ನ ಎರಡು ದಾರಿಗಳಲ್ಲಿ ಆರಂಭವಾಗಿತ್ತು. ಮೊದಲನೆಯದು ಆಟದ ಸುತ್ತಲಿನ ಹಳೆಯ ಪರಿಸರವನ್ನೇ ಕಾಪಾಡುವುದು. 2018ರಲ್ಲಿ ಆಸ್ಟ್ರೇಲಿಯಾದ ಬೆನ್ ಲ್ಯಾಟಿಮೋರ್ ಆರಂಭಿಸಿದ ಫ್ಲ್ಯಾಶ್‌ಪಾಯಿಂಟ್ ಯೋಜನೆಯ ಬಗೆ ಇದು. ಸ್ವಯಂಸೇವಕರು ಆಟದ ಫೈಲ್‌ಗಳನ್ನು ಹುಡುಕಿ, ಪರೀಕ್ಷಿಸಿ ಸಂಗ್ರಹಕ್ಕೆ ಸೇರಿಸುತ್ತಾರೆ. ಆಡುವವರ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಸರ್ವರ್ ಓಡುತ್ತದೆ. ಆಟ ತನ್ನ ಹಳೆಯ ತಾಣವನ್ನು ಕೇಳಿದಾಗ ಉತ್ತರ ಕೊಡುವುದು ಈ ಸರ್ವರ್. ವಿಳಾಸದ ಬೀಗ ಹಾಗೆಯೇ ತೆರೆದುಕೊಳ್ಳುತ್ತದೆ. ಫ್ಲ್ಯಾಶ್ ಅಲ್ಲದೆ ಶಾಕ್‌ವೇವ್, ಜಾವಾ ಮುಂತಾದ ಹಳೆಯ ಪ್ಲಗಿನ್‌ಗಳ ಆಟಗಳೂ ಅಲ್ಲಿವೆ. ಸಂಗ್ರಹ ಈಗ ಲಕ್ಷ ದಾಟಿದೆ.

ಎರಡನೆಯದು ಫ್ಲ್ಯಾಶ್‌ನ ಕೆಲಸವನ್ನು ಮಾಡುವ ಹೊಸ ತಂತ್ರಾಂಶವನ್ನೇ ಬರೆಯುವುದು. ರಸ್ಟ್ ಭಾಷೆಯಲ್ಲಿ ಬರೆದ ರಫಲ್ ಎಂಬ ಎಮ್ಯುಲೇಟರ್, ಬ್ರೌಸರಿನಲ್ಲಿ ಬೇರೆ ಭಾಷೆಗಳ ಪ್ರೋಗ್ರಾಂ ಓಡಿಸಲು ನೆರವಾಗುವ ವೆಬ್‌ಅಸೆಂಬ್ಲಿಯ ಮೂಲಕ ಇಂದಿನ ಬ್ರೌಸರಿನಲ್ಲಿ ನೇರವಾಗಿ ಓಡುತ್ತದೆ, ಫೋನಿನಲ್ಲೂ ನಡೆಯುತ್ತದೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಲ್ಲಿ ಇದನ್ನು ಬಳಸಿಯೇ ಫ್ಲ್ಯಾಶ್ ಸಂಗ್ರಹವನ್ನು ತೆರೆಯಿತು. ಆ್ಯಕ್ಷನ್‌ಸ್ಕ್ರಿಪ್ಟ್‌ನ ಮೊದಲೆರಡು ಆವೃತ್ತಿಗಳ ಆಟಗಳು ಇದರಲ್ಲಿ ಬಹುತೇಕ ಸರಿಯಾಗಿ ನಡೆಯುತ್ತವೆ. 2006ರಲ್ಲಿ ಬಂದ ಮೂರನೆಯ ಆವೃತ್ತಿಯದು ಬೇರೆಯೇ ರಚನೆಯಾದ್ದರಿಂದ ಅದರ ಕೆಲಸ ಹೆಚ್ಚು ಕಾಲ ಹಿಡಿದಿದೆ.

ಎಲ್ಲವೂ ಹೀಗೆ ಉಳಿಯುವುದಿಲ್ಲ. 2009ರಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಫಾರ್ಮ್‌ವಿಲ್ ಎಂಬ ಬೇಸಾಯದ ಆಟ ಕೋಟ್ಯಂತರ ಜನರಿಂದ ಬೆಳೆ ಬೆಳೆಸಿತು. ಅದನ್ನು ನಡೆಸಿದ ಝಿಂಗಾ 2010ರಲ್ಲಿ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. ಆದರೆ ಆಟಗಾರರ ಹೊಲ, ಬೆಳೆ, ನೆರೆಹೊರೆಯ ಲೆಕ್ಕವೆಲ್ಲ ಇದ್ದುದು ಕಂಪನಿಯ ಸರ್ವರಿನಲ್ಲಿ. 2020ರ ಕೊನೆಯ ದಿನ ಆಟ ಮುಚ್ಚಿದಾಗ ಆ ಹೊಲಗಳೂ ಹೋದವು. ಇಂಥ ಆಟಗಳಿಗೆ ಫೈಲ್ ಉಳಿದರೆ ಸಾಲದು, ಸರ್ವರನ್ನೂ ಹೊಸದಾಗಿ ಬರೆಯಬೇಕು.

ಮರೆತುಹೋದ ಸಣ್ಣ ತಾಣಗಳ, ಇನ್ನೂ ಸಂಗ್ರಹಕ್ಕೆ ಸೇರದ ಆಟಗಳು ಬೇಕಾದಷ್ಟಿವೆ. ಹಳೆಯ ಸಿ.ಡಿ. ಅಥವಾ ಹಾರ್ಡ್ ಡಿಸ್ಕಿನಲ್ಲಿ ಫ್ಲ್ಯಾಶ್ ಆಟಗಳ ಎಸ್‌ಡಬ್ಲ್ಯುಎಫ್ ಫೈಲ್‌ಗಳಿದ್ದರೆ ಅಳಿಸಬೇಡಿ. ಫ್ಲ್ಯಾಶ್‌ಪಾಯಿಂಟ್ ತಂಡ ಅವನ್ನು ಸಾರ್ವಜನಿಕರಿಂದ ಸ್ವೀಕರಿಸುತ್ತದೆ.