ಕಬ್ಬಿನ ರವದಿಯ ಬೆಂಕಿಯೂ ಅಡವಿಯ ಜೀವಿಗಳೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಒಕ್ಕಲಿಗರಿಗೆ ಕಬ್ಬಿನ ಮಹತ್ವವನ್ನು ನಾವು ಹೇಳಬೇಕಾದುದಿಲ್ಲ. ಕೃಷ್ಣಾ ಘಟಪ್ರಭಾ ನದಿಗಳ ನೀರು ದೊರೆತಲ್ಲೆಲ್ಲ ಕಬ್ಬು ನಿಂತಿರುವದು. ಆದರೆ ಇದೇ ಸೀಮೆಯು ಚಿಂಕಾರವೆಂಬ ಸಣ್ಣ ಹುಲ್ಲೆಯ ತವರೂ ಆಗಿರುವದು. ಬೀಳಗಿ ಮುಧೋಳ ತಾಲೂಕುಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಅಡವಿಯನ್ನು ಸರಕಾರವು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವೆಂದು ಸಾರಿತು. ಅಡವಿಗೆ ಮೇರೆಯುಂಟು; ಹೊಗೆಗೂ ವಿಷಕ್ಕೂ ಮೇರೆಯಿಲ್ಲ.

ಕಬ್ಬು ಕಡಿದ ಮೇಲೆ ರವದಿಗೆ ಕಡ್ಡಿ ಗೀರುವದು ವಾಡಿಕೆ. ಕವುಜುಗ, ಮೊಲ, ಉಡ, ಇಲಿ ಹಿಡಿಯುವ ಕೇರೆಹಾವು ಇವೆಲ್ಲ ರವದಿಯ ಮರೆಯನ್ನು ಆಶ್ರಯಿಸುತ್ತವೆ. ನಾಲ್ಕೂ ಕಡೆಯಿಂದ ಬೆಂಕಿಯಿಟ್ಟರೆ ಅವಕ್ಕೆ ಪಾರಾಗುವ ದಾರಿಯಿರದು. ಒಕ್ಕಲಿಗನಿಗಾದರೂ ಲಾಭವೇನು? ಒಂದು ಎಕರೆಯಲ್ಲಿ 3-4 ಟನ್ ರವದಿ ಉಳಿಯುವದು. ಟನ್ನಿಗೆ ಸುಮಾರು 4 ಕಿಲೋ ಸಾರಜನಕವಿರುವದು. ಸುಟ್ಟರೆ ಅದು ಬಹುತೇಕ ಹೊಗೆಯೊಡನೆ ಹೋಗುವದು. ಅದನ್ನೇ ಮರಳಿ ಅಂಗಡಿಯಲ್ಲಿ ಯೂರಿಯಾದ ರೂಪದಲ್ಲಿ ಕೊಳ್ಳಬೇಕಾಗುವದು.

ರವದಿ ಬಿಟ್ಟರೆ ನೀರು ಹಾಯಿಸುವದು ಕಷ್ಟ, ಕುಳೆಗೆ ಎಡೆ ಹೊಡೆಯಲು ಬಾರದು ಎಂದು ಕೆಲವರು ಆಕ್ಷೇಪಿಸುವರು. ಈ ಮಾತು ಸುಳ್ಳಲ್ಲ. ಅದಕ್ಕಾಗಿ ಸಾಲು ಬಿಟ್ಟು ಸಾಲಿಗೆ ರವದಿಯನ್ನು ಎಳೆದು ಹಾಕಿ, ಬರಿದಾದ ಸಾಲುಗಳಲ್ಲಿ ನೀರು ಬಿಡತಕ್ಕದ್ದು. ಪ್ರತಿ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸುಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಗೊಬ್ಬರ ಚೆಲ್ಲಿ ಹಸಿ ಕಾಯ್ದರೆ ಅದು ಹೊಲದಲ್ಲಿಯೇ ಗೊಬ್ಬರವಾಗುವದು. ನೆಲದ ತೇವವೂ ಬೇಗನೆ ಆರದು. ಮೊದಲ ವರುಷ ಅರ್ಧ ಎಕರೆಯಲ್ಲಿ ಮಾಡಿ ನೋಡಿದರೆ ಸಾಕು. ಕೆಂಪು ಕೊಳೆ ರೋಗ ಬಿದ್ದ ಹೊಲದ ಮಾತು ಬೇರೆ. ಅಲ್ಲಿಯ ಕಸವನ್ನು ಆಯ್ದು ಒಂದೆಡೆ ಗುಡ್ಡೆ ಹಾಕಿ ಸುಡುವದೇ ಲೇಸು.

ಇನ್ನು ಔಷಧದ ವಿಚಾರ. ಸಿಂಪಡಿಸಿ ಉಳಿದುದನ್ನು ಹಳ್ಳದಲ್ಲಿ ಚೆಲ್ಲುವದೂ, ಪಂಪನ್ನು ಕಾಲುವೆಯಲ್ಲಿ ತೊಳೆಯುವದೂ ಅನೇಕರಿಗೆ ರೂಢಿ. ಆ ನೀರು ಕೊನೆಗೆ ಆಲಮಟ್ಟಿಯ ಹಿನ್ನೀರನ್ನು ಸೇರುವದು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಗೆ ರಾಜಹಂಸಗಳು ಬರುತ್ತವೆ. ಕೊಕ್ಕನ್ನು ತಲೆಕೆಳಗಾಗಿ ಮುಳುಗಿಸಿ ಕೆಸರುನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತವೆ. ನೀರಿನಲ್ಲಿದ್ದ ವಿಷವೂ ಅವುಗಳ ಹೊಟ್ಟೆಗೇ ಹೋಗುವದು. ನಮ್ಮ ದನಗಳೂ ಅದೇ ನೀರನ್ನೇ ಕುಡಿಯುತ್ತವೆಂಬುದನ್ನು ಮರೆಯಕೂಡದು. ತೊಳೆದ ನೀರಿನಿಂದ ಜಲವು ಕೆಡಕೂಡದೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ ಬೆಳೆಗೆ ಸಿಂಪಡಿಸಬೇಕು. ಬಳಿಕ ಬಾಟಲಿಗೆ ತೂತು ಕೊರೆಯಬೇಕು, ಇಲ್ಲವಾದರೆ ಅದು ಮನೆಯಲ್ಲಿ ಎಣ್ಣೆಯ ಬಾಟಲಿಯಾಗುವದು. ಫೋರೇಟ್ ಎಂಬ ಹರಳು ವಿಷದ ಮಾರಾಟವೂ ಬಳಕೆಯೂ 2020ರ ಕೊನೆಗೆ ನಿಷಿದ್ಧವಾದವು. ಹಳೆಯ ಚೀಲ ಮೂಲೆಯಲ್ಲಿದ್ದರೆ ಅದನ್ನು ತೆಗೆದು ಹೊಲಕ್ಕೆ ಹಾಕಕೂಡದು. ವಿಷ ಸವರಿದ ಬೀಜವನ್ನು ಬಿತ್ತಿದ ಮೇಲೆ ಮಣ್ಣಿನಿಂದ ಚೆನ್ನಾಗಿ ಮುಚ್ಚಿರಿ. ಬದುವಿನಲ್ಲಿ ಚೆಲ್ಲಿದ ಒಂದು ಹಿಡಿಯೂ ನವಿಲಿಗೆ ಸಾವು ತಂದೀತು.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೂ ಒಂದು ಮಾತು: ನೂಲಿಗೆ ಬಣ್ಣ ಹಾಕಿದ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ, ಅದೇ ಬಣ್ಣದ ಮುಂದಿನ ಕಂತಿಗೆ ಸಾಧ್ಯವಿದ್ದಷ್ಟು ಮರಳಿ ಬಳಸಬಹುದು. ಬಣ್ಣದ ಖರ್ಚೂ ಅಷ್ಟು ಕಡಿಮೆಯಾಗುವದು.