ನಡುವಯಸ್ಸಿನಲ್ಲಿ ಮತ್ತೆ ಪ್ರೀತಿ: ನಾಚಿಕೆ ಬೇಡ, ಆತುರವೂ ಬೇಡ

ನಲವತ್ತಾರು ವರ್ಷದ ಆ ಮಹಿಳೆ ಬಂದದ್ದು ಎದೆಬಡಿತ ಮತ್ತು ನಿದ್ರಾಹೀನತೆಯ ದೂರು ಹೇಳಿಕೊಂಡು. ಇ.ಸಿ.ಜಿ. ಸರಿಯಾಗಿತ್ತು. ರಕ್ತದೊತ್ತಡ, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. "ಮನೆಯಲ್ಲಿ ಏನಾದರೂ ಚಿಂತೆ ಇದೆಯೇ?" ಎಂದು ಕೇಳಿದಾಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ, "ಡಾಕ್ಟ್ರೇ, ನಗಬೇಡಿ. ಈ ವಯಸ್ಸಿನಲ್ಲಿ ನನಗೆ ಒಬ್ಬರು ಇಷ್ಟವಾಗಿದ್ದಾರೆ" ಎಂದರು.

ಆಕೆಗೆ ವಿಚ್ಛೇದನವಾಗಿ ಆರು ವರ್ಷವಾಗಿತ್ತು. ಒಬ್ಬಳೇ ಮಗಳು, ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಚೇರಿಯ ಕೆಲಸದಲ್ಲಿ ಪರಿಚಯವಾದ ಒಬ್ಬರು, ಅವರೂ ವಿಚ್ಛೇದಿತರೇ, ಮದುವೆಯ ಮಾತೆತ್ತಿದ್ದರು. ವಿಷಯ ತಿಳಿದ ಮಗಳು, "ಅಮ್ಮ, ನಿನಗೆ ಇದೆಲ್ಲ ಈಗ ಬೇಕಿತ್ತಾ? ನನ್ನ ಫ್ರೆಂಡ್ಸ್ ಎದುರು ನಾನು ಹೇಗೆ ಮುಖ ತೋರಿಸಲಿ?" ಎಂದವಳು ಮಾತೇ ಬಿಟ್ಟಿದ್ದಳು. ನಿದ್ದೆ ಹೋದದ್ದು ಅಂದಿನಿಂದ.

ಇಂಥವರಿಗೆ ನಿದ್ದೆ ಮಾತ್ರೆ ಬರೆದುಕೊಟ್ಟು ಕಳುಹಿಸುವುದು ಸುಲಭ. ಆದರೆ ಅದರಿಂದ ತೊಂದರೆ ಬಗೆಹರಿಯುವುದಿಲ್ಲ.

ಇದು ತಪ್ಪೇ?

ಖಂಡಿತ ಅಲ್ಲ. ಹಸಿವು, ನಿದ್ದೆಯಂತೆ ಆಪ್ತತೆಯೂ ಮನುಷ್ಯನ ಸಹಜ ಬಯಕೆ. ಅದು ನಲವತ್ತಕ್ಕೆ ಮುಗಿದುಹೋಗುವುದಿಲ್ಲ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಕರ್ನಾಟಕದ ಹಲವು ಸಮುದಾಯಗಳಲ್ಲಿ 'ಉಡಿಕೆ', 'ಕೂಡಿಕೆ' ಎಂಬ ಹೆಸರಿನಲ್ಲಿ ಹೆಣ್ಣಿನ ಮರುಮದುವೆಗೆ ಹಿಂದಿನಿಂದಲೂ ಅವಕಾಶವಿತ್ತು.

ಆದರೂ ಸಮಾಜದ ತಕ್ಕಡಿ ಸಮನಾಗಿಲ್ಲ. ಗಂಡಸಿಗೆ ವಿಚ್ಛೇದನವಾದರೆ "ಪಾಪ, ಅಡುಗೆ ಮಾಡಿ ಹಾಕುವವರು ಬೇಕಲ್ಲ" ಎಂದು ಮನೆಯವರೇ ಹೆಣ್ಣು ಹುಡುಕುತ್ತಾರೆ. ಹೆಂಗಸಾದರೆ "ಮಕ್ಕಳ ಮುಖ ನೋಡಿಕೊಂಡು ಇದ್ದುಬಿಡು" ಎನ್ನುತ್ತಾರೆ. ಎರಡೂ ಮಾತು ಸರಿಯಲ್ಲ. ಅಡುಗೆಗೆ ಬೇಕಾದದ್ದು ಅಡುಗೆಯವರು, ಹೆಂಡತಿಯಲ್ಲ. ಹಾಗೆಯೇ, ಬೆಳೆದು ನಾಳೆ ತಮ್ಮ ದಾರಿ ಹಿಡಿಯುವ ಮಕ್ಕಳು ತಾಯಿಯ ಒಂಟಿತನಕ್ಕೆ ಪರಿಹಾರವಲ್ಲ.

ಮೊದಲು ಹಳೆಯ ಗಾಯ ಮಾಯಲಿ

1967ರಲ್ಲಿ ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನ ಘಟನೆಗಳು ಉಂಟುಮಾಡುವ ಒತ್ತಡಕ್ಕೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಅದರಲ್ಲಿ ಸಂಗಾತಿಯ ಸಾವಿಗೆ 100 ಅಂಕ. ಎರಡನೆಯ ಸ್ಥಾನ ವಿಚ್ಛೇದನಕ್ಕೆ, 73 ಅಂಕ. ಗಮನಿಸಬೇಕಾದ ಸಂಗತಿಯೆಂದರೆ ಮದುವೆಗೂ ಅಲ್ಲಿ 50 ಅಂಕವಿದೆ! ಸಂತೋಷದ ಬದಲಾವಣೆಯೂ ದೇಹ, ಮನಸ್ಸಿಗೆ ಹೊರೆಯೇ. ಮೊದಲ ಹೊರೆ ಇಳಿಯುವ ಮುನ್ನ ಎರಡನೆಯದನ್ನು ಹೊತ್ತರೆ ಬೆನ್ನು ಬಾಗುತ್ತದೆ.

ವಿಚ್ಛೇದನವೂ ಒಂದು ಬಗೆಯ ಸಾವೇ. ಸಿಟ್ಟು, ಅವಮಾನ, ಅಳು, 'ನನ್ನದೇ ತಪ್ಪಿತ್ತೇನೋ' ಎಂಬ ಕೊರಗು ಒಂದರ ಹಿಂದೊಂದು ಬರುತ್ತವೆ. ಎಷ್ಟು ದಿನ ಎಂಬ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಕೆಲವರು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕಿನಂತೆ ಒಳ್ಳೆಯವರನ್ನು ಕಂಡರೂ ದೂರ ಓಡುತ್ತಾರೆ. ಇನ್ನು ಕೆಲವರು ಖಾಲಿ ಮನೆಗೆ ಹೆದರಿ ಮೊದಲು ಸಿಕ್ಕವರ ಕೈ ಹಿಡಿಯುತ್ತಾರೆ. ಮತ್ತೆ ಕೆಲವರಿಗೆ 'ಅವನಿಗೆ ತೋರಿಸಬೇಕು' ಎಂಬ ಹಠ.

ಸಿದ್ಧರಾಗಿದ್ದೀರಾ ಎಂದು ತಿಳಿಯಲು ಈ ನಾಲ್ಕು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ:

* ಮಾಜಿ ಸಂಗಾತಿಯ ಹೆಸರು ಕೇಳಿದರೆ ಈಗಲೂ ಮೈ ಉರಿಯುತ್ತದೆಯೇ?
* ಆ ಸಂಬಂಧ ಮುರಿಯುವುದರಲ್ಲಿ ನಿಮ್ಮ ಪಾಲೆಷ್ಟು ಎಂದು ಹೇಳಬಲ್ಲಿರಾ?
* ಒಂದು ಭಾನುವಾರವನ್ನು ಒಬ್ಬರೇ ನೆಮ್ಮದಿಯಿಂದ ಕಳೆಯಬಲ್ಲಿರಾ?
* ಹೊಸಬರಲ್ಲಿ ನಿಮಗೆ ಇಷ್ಟವಾದದ್ದು ಅವರ ಗುಣವೇ, ಅಥವಾ ಹಳಬರಲ್ಲಿದ್ದ ದೋಷ ಅವರಲ್ಲಿಲ್ಲ ಎಂಬುದಷ್ಟೆಯೇ?

ಎರಡು ವಾರಕ್ಕೂ ಮೀರಿ ದಿನವಿಡೀ ಬೇಸರ, ಹಸಿವಿಲ್ಲದಿರುವುದು, ನಿದ್ದೆ ಕೆಡುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ಮದುವೆ ಅದಕ್ಕೆ ಔಷಧಿಯಲ್ಲ. ಬದುಕೇ ಬೇಡವೆನಿಸಿದರೆ ತಡಮಾಡಬೇಡಿ. ಮನೋವೈದ್ಯರನ್ನು ಕಾಣಿರಿ, ಅಥವಾ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ದೇಹದ ಮಾತನ್ನೂ ಕೇಳಿ

ಈ ವಿಷಯ ಕೇಳಲು ಸಂಕೋಚಪಟ್ಟು ಎಷ್ಟೋ ದಂಪತಿಗಳು ಹೊಸ ಸಂಸಾರದಲ್ಲೂ ನೊಂದುಕೊಳ್ಳುತ್ತಾರೆ.

ಹೆಂಗಸರಲ್ಲಿ ನಲವತ್ತೈದರ ಆಸುಪಾಸಿನಲ್ಲಿ ಮುಟ್ಟು ಏರುಪೇರಾಗಿ, ಕ್ರಮೇಣ ನಿಲ್ಲುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಕಡಿಮೆಯಾಗುವುದರಿಂದ ಯೋನಿ ಒಣಗಿ ಸಮಾಗಮದಲ್ಲಿ ನೋವಾಗಬಹುದು. ಇದು ಪ್ರೀತಿಯ ಕೊರತೆಯಲ್ಲ. ಜಾರುಕ ಜೆಲ್ಲಿಗಳಿವೆ, ವೈದ್ಯರ ಸಲಹೆಯಂತೆ ಹಚ್ಚುವ ಹಾರ್ಮೋನು ಕ್ರೀಮುಗಳೂ ಇವೆ. ಮುಟ್ಟು ತಪ್ಪತೊಡಗಿತೆಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದು ತಿಳಿಯಬೇಡಿ. ಐವತ್ತು ದಾಟಿದವರು ಮುಟ್ಟು ನಿಂತು ಒಂದು ವರ್ಷ, ಅದಕ್ಕಿಂತ ಚಿಕ್ಕವರು ಎರಡು ವರ್ಷ ಆಗುವವರೆಗೆ ಗರ್ಭನಿರೋಧಕ ಬಳಸಬೇಕು.

ಗಂಡಸರಲ್ಲಿ ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಧೂಮಪಾನ, ಕೆಲವು ಔಷಧಿಗಳು, ಜೊತೆಗೆ 'ನನ್ನಿಂದ ಆಗುವುದೋ ಇಲ್ಲವೋ' ಎಂಬ ಆತಂಕ ನಿಮಿರುವಿಕೆಗೆ ಅಡ್ಡಿಯಾಗಬಹುದು. ಕೆಲವೊಮ್ಮೆ ಇದು ಹೃದಯದ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯೂ ಹೌದು. ಆದ್ದರಿಂದ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗಬೇಡಿ. ಎದೆನೋವಿಗೆಂದು ನೈಟ್ರೇಟ್ ಗುಂಪಿನ ಔಷಧಿ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಜಾತಿಯ ಮಾತ್ರೆ ನುಂಗಿದರೆ ರಕ್ತದೊತ್ತಡ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯ.

ಇಬ್ಬರೂ ಒಟ್ಟಿಗೆ ಹೋಗಿ ಎಚ್.ಐ.ವಿ., ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಫಲಿತಾಂಶವನ್ನು ಗುಟ್ಟಾಗಿಡುತ್ತಾರೆ. ಇದು ಅಪನಂಬಿಕೆಯಲ್ಲ, ಪರಸ್ಪರ ಗೌರವ.

ಮಕ್ಕಳ ಮನಸ್ಸು

ಮಕ್ಕಳ ವಿರೋಧದ ಹಿಂದೆ ಸಾಮಾನ್ಯವಾಗಿ ಭಯವಿರುತ್ತದೆ. ಪುಟ್ಟ ಮಕ್ಕಳಿಗೆ 'ಅಮ್ಮನೂ ನನ್ನನ್ನು ಬಿಟ್ಟುಹೋಗುತ್ತಾಳೆ' ಎಂಬ ಭಯ. ಹರೆಯದವರಿಗೆ ಸ್ನೇಹಿತರ ನಗೆಯ ಭಯ. ತಂದೆ-ತಾಯಿಗೂ ಆಸೆಗಳಿರುತ್ತವೆ ಎಂಬುದೇ ಅವರಿಗೆ ಮುಜುಗರ. ದೊಡ್ಡ ಮಕ್ಕಳಿಗೆ ಮನೆ, ಆಸ್ತಿಯ ಚಿಂತೆ. ಭಯ ಯಾವುದೆಂದು ತಿಳಿಯದೆ ಬೈದರೆ ಪ್ರಯೋಜನವಿಲ್ಲ.

ಸಂಬಂಧ ಗಟ್ಟಿಯಾಗುವ ಮುನ್ನ ಹೊಸಬರನ್ನು ಮನೆಗೆ ಕರೆತರಬೇಡಿ. ಗಟ್ಟಿಯಾದ ಮೇಲೆ ಬಚ್ಚಿಡಬೇಡಿ. ಮಕ್ಕಳಿಗೆ ವಿಷಯ ನಿಮ್ಮ ಬಾಯಿಂದಲೇ ತಿಳಿಯಲಿ, ಪಕ್ಕದ ಮನೆಯವರಿಂದಲ್ಲ. "ಅಪ್ಪ ಅಂತ ಕರಿ" ಎಂದು ಒತ್ತಾಯಿಸಬೇಡಿ. ಹೆತ್ತ ತಂದೆಯ ಜಾಗ ಹಾಗೆಯೇ ಇರುತ್ತದೆ, ಇವರದು ಬೇರೆ ಜಾಗ ಎಂದು ತಿಳಿಹೇಳಿ. ಹೊಸದಾಗಿ ಬಂದವರು ಮೊದಲ ದಿನದಿಂದಲೇ ಶಿಸ್ತು ಕಲಿಸಲು ಹೊರಡದೆ, ಮೊದಲು ಸ್ನೇಹ ಸಂಪಾದಿಸಲಿ. ಮಕ್ಕಳ ಜೊತೆಗೆಂದೇ ಮೀಸಲಾಗಿದ್ದ ಹೊತ್ತು ಕಡಿಮೆಯಾಗದಿರಲಿ. ಮಕ್ಕಳ ಅಭಿಪ್ರಾಯ ಕೇಳಿ, ಆದರೆ ನಿರ್ಧಾರದ ಭಾರವನ್ನು ಅವರ ಹೆಗಲಿಗೆ ಹೊರಿಸಬೇಡಿ.

ಕಾಗದಪತ್ರ ಸರಿಯಿರಲಿ

ಬೇರೆ ಬೇರೆ ವಾಸವಾಗಿದ್ದರೆ ವಿಚ್ಛೇದನವಾದಂತಲ್ಲ. ಡಿಕ್ರಿಯ ಪ್ರತಿಯನ್ನು ಕಣ್ಣಾರೆ ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮೇಲ್ಮನವಿಗೆ ಅವಕಾಶವಿದ್ದಲ್ಲಿ ಅದರ ಅವಧಿ ಮುಗಿದ ಮೇಲೆ, ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆದ ಮೇಲೆಯೇ ಮರುಮದುವೆಯಾಗಬಹುದು. ಮರುಮದುವೆಯಾದರೆ ಜೀವನಾಂಶದ ಆದೇಶವನ್ನು ನ್ಯಾಯಾಲಯ ಬದಲಿಸಬಹುದು ಎಂಬುದೂ ತಿಳಿದಿರಲಿ. ಸಾಲ, ಆಸ್ತಿ, ವಿಲ್, ವಿಮೆಯ ನಾಮಿನಿ, ವಯಸ್ಸಾದ ತಂದೆ-ತಾಯಿಯ ಜವಾಬ್ದಾರಿ, ಇವನ್ನು ಮದುವೆಗೆ ಮುಂಚೆಯೇ ಕುಳಿತು ಮಾತನಾಡಿ. ಮಕ್ಕಳ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.

ಇಂಟರ್‌ನೆಟ್ಟಿನಲ್ಲಿ ಪರಿಚಯವಾಗಿ, ಮುಖತಃ ಭೇಟಿಯಾಗುವ ಮುನ್ನವೇ ಹಣ ಕೇಳಿದರೆ, ಅಥವಾ "ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಶುಲ್ಕ ಕಟ್ಟಿ" ಎಂದರೆ ಅದು ಮೋಸ. ಒಂಟಿಯಾಗಿರುವವರನ್ನೇ ಇಂಥವರು ಹುಡುಕುತ್ತಾರೆ. ಹಣ ಕಳೆದುಕೊಂಡಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಆ ಮಹಿಳೆಗೆ ನಾನು ಹೇಳಿದ್ದು ಇಷ್ಟೇ: "ಮಗಳ ಒಪ್ಪಿಗೆ ಕೇಳಬೇಡಿ. ಅವಳಿಗೆ ಯಾವುದರ ಭಯ ಎಂದು ಕೇಳಿ. ಮದುವೆಗೆ ಅವಸರ ಮಾಡಬೇಡಿ." ನಾಲ್ಕು ತಿಂಗಳ ನಂತರ ಮತ್ತೆ ಬಂದರು. ಮದುವೆ ಇನ್ನೂ ಆಗಿರಲಿಲ್ಲ. ತಾನು ಹಾಸ್ಟೆಲಿನಿಂದ ಬಂದರೆ ಆ ಮನೆಯಲ್ಲಿ ತನಗೊಂದು ಕೋಣೆ ಇರುತ್ತದೋ ಇಲ್ಲವೋ ಎಂಬುದೇ ಮಗಳ ಭಯವಾಗಿತ್ತಂತೆ! ಅದನ್ನು ತಿಳಿಸಿಹೇಳಿದ ಕೆಲವು ವಾರಗಳ ಮೇಲೆ ಒಂದು ದಿನ ಅವಳೇ, "ಅಂಕಲ್ ಭಾನುವಾರ ಊಟಕ್ಕೆ ಬರ್ತಾರಾ? ನಮ್ಮನೆ ಸಾರು ಅವರಿಗೆ ಖಾರ ಆಗಲ್ವಾ?" ಎಂದು ಕೇಳಿದಳಂತೆ.

"ನಿದ್ದೆ ಹೇಗಿದೆ?" ಎಂದೆ. ಆಕೆ ನಕ್ಕರು. ಮಾತ್ರೆ ಬರೆಯುವ ಅಗತ್ಯ ಆ ದಿನವೂ ಬೀಳಲಿಲ್ಲ.