ಕಪಾಟಿನಲ್ಲಿಟ್ಟ ಮದುವೆ ಕ್ಯಾಸೆಟ್ ಕ್ಷೇಮವೇ?

ಆಟಿಯ ಮಳೆಗೆ ನಮ್ಮ ಉಡುಪಿ ಕಡೆ ಚಪ್ಪಲಿ, ಬೆಲ್ಟು, ಮರದ ಪೆಟ್ಟಿಗೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು. ಆದರೂ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಕಬ್ಬಿಣದ ಕಪಾಟಿನಲ್ಲಿ, ಪಟ್ಟೆ ಸೀರೆಗಳ ಅಡಿಯಲ್ಲಿದ್ದರೆ ಏನೂ ಆಗದು ಎಂದು ನಂಬಿದವರು ಬಹಳ. ಕಪಾಟು ಕಳ್ಳನನ್ನು ತಡೆದೀತು, ತೇವವನ್ನಲ್ಲ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಇಣುಕಿ ನೋಡಿ. ಸುರುಳಿಯ ಅಂಚಿಗೆ ಬಿಳಿ ಪುಡಿ ಹತ್ತಿದಂತಿದ್ದರೆ ಅದೂ ಬೂಷ್ಟೇ.

ಆಮೇಲೆ ಮಾಡುವ ಉಪಾಯಗಳು ಇನ್ನೂ ಅಪಾಯ. ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದರೆ ಟೇಪು ಸೊಟ್ಟಗಾಗುತ್ತದೆ. ‘ಒಂದ್ಸಲ ಓಡಿಸಿ ನೋಡುವ’ ಎಂದು ವಿಸಿಆರ್‌ಗೆ ತುರುಕಿದರೆ ಬೂಷ್ಟು ಹೆಡ್‌ಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ, ಟೇಪು ಹರಿಯಲೂಬಹುದು. ಶುಚಿ ಮಾಡಿ ಡಿಜಿಟಲ್‌ಗೆ ಇಳಿಸಲು ಬಲ್ಲವರ ಕೈಗೆ ಕೊಡುವುದೇ ಸರಿ, ಅದೂ ಬೇಗ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಾಗಿದೆ.

ನಮ್ಮದು ಕ್ಯಾಸೆಟ್ ಅಲ್ಲ, ಪೆನ್‌ಡ್ರೈವ್ ಎಂದು ನಿಶ್ಚಿಂತೆಯಿಂದ ಇರುವ ಹೊಸ ಜೋಡಿಗಳಿಗೂ ಒಂದು ಮಾತು. ಪೆನ್‌ಡ್ರೈವ್‌ನ ನೆನಪು ನಿಂತಿರುವುದು ಒಳಗೆ ಹಿಡಿದಿಟ್ಟ ವಿದ್ಯುದಾವೇಶದ ಮೇಲೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ ಅದು ನಿಧಾನ ಸೋರುತ್ತದೆ. ಸ್ಟುಡಿಯೊದಲ್ಲಿ ಬರೆದುಕೊಟ್ಟ ಡಿವಿಡಿಯ ಬಣ್ಣದ ಪದರವೂ ಸೆಕೆಗೆ, ಬೆಳಕಿಗೆ ಮಾಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ದುಬೈಯ ಅಣ್ಣನಿಗೆ ಕಳಿಸಿದ್ದು ಹಿಂಡಿ ತೆಗೆದ ಕಬ್ಬಿನ ಸಿಪ್ಪೆ, ಅದನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಹಾರ್ಡ್‌ಡಿಸ್ಕ್ ತನ್ನಿ. ಒಂದು ಕಾರ್ಕಳದ ಮನೆಯಲ್ಲಿದ್ದರೆ ಇನ್ನೊಂದು ಕಾಪುವಿನ ತವರಿನಲ್ಲಿರಲಿ. ಮೂರನೆಯದು ಕ್ಲೌಡ್‌ನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ, ಐದಾರು ವರ್ಷಕ್ಕೆ ಹೊಸ ಡಿಸ್ಕ್‌ಗೆ ದಾಟಿಸಿ.

‘ಸ್ಟುಡಿಯೊದವರ ಹತ್ತಿರ ಹೇಗೂ ಇರ್ತದೆ’ ಎನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. ಮೂರು ಕ್ಯಾಮೆರಾ, ಆರು ಗಂಟೆ ಎಂದರೆ 810 ಜಿಬಿ, ಅದೂ ಒಂದೇ ಮದುವೆಗೆ. ಮುಂದಿನ ಸೀಸನ್ ಬಂದಾಗ ಅವರು ಅಳಿಸದೆ ಏನು ಮಾಡಿಯಾರು? ನನಗೆ ಗೊತ್ತಿರುವ ಒಂದು ಮನೆಯವರು ನಾಲ್ಕು ವರ್ಷದ ಮೇಲೆ ಕೇಳಲು ಹೋಗಿ ಬರಿಗೈಯಲ್ಲಿ ಬಂದರು.

ಆದರೆ ವಿಡಿಯೊ ಸ್ಟುಡಿಯೊದವರ ಸ್ವತ್ತು ಎಂಬುದೂ ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಫೋಟೊ, ಚಲನಚಿತ್ರ ಮಾಡಿಸಿದವರೇ ಅದರ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ಎಡಿಟ್ ಮಾಡದ ಫೂಟೇಜ್ ಕೈಗೆ ಕೊಡಬೇಕೋ ಬೇಡವೋ ಎಂಬುದು ಮಾತ್ರ ಮಾತುಕತೆಯ ವಿಷಯ. ಮುಂಗಡ ಕೊಡುವ ದಿನವೇ ಬರೆಸಿಕೊಳ್ಳಿ.

ಇನ್ನು ಆಯ್ಕೆ. ಡ್ರೋನ್ ಇದ್ದರೆ, ಕಾಪುವಿನ 1901ರ ದೀಪಸ್ತಂಭದೆದುರು ಪ್ರೀ-ವೆಡ್ಡಿಂಗ್ ಶೂಟ್ ಆದರೆ ವಿಡಿಯೊ ಗೆದ್ದಂತೆ ಎಂಬ ಭ್ರಮೆ ಈಗ ಜೋರು. ಚೆಂದವೇನೋ ಹೌದು. ಮೂವತ್ತು ವರ್ಷ ಕಳೆದ ಮೇಲೆ ಹುಡುಕುವುದು ಮಾತ್ರ ದೀಪಸ್ತಂಭವನ್ನಲ್ಲ, ಬಾಳೆ ಎಲೆಯೆದುರು ಕೂತ ಮಾವನನ್ನು, ಅವರ ಸ್ವರವನ್ನು. ಮಣಿಪಾಲದಲ್ಲೋ ಉಡುಪಿಯಲ್ಲೋ ಸ್ಟುಡಿಯೊ ಗೊತ್ತು ಮಾಡುವಾಗ ಮೂರು ನಿಮಿಷದ ಟೀಸರ್ ನೋಡಿ ಮರುಳಾಗದೆ, ಅವರು ಮಾಡಿದ ಒಂದು ಧಾರೆಯ ಪೂರ್ತಿ ವಿಡಿಯೊ ಕೇಳಿ, ಕಣ್ಣು ಮುಚ್ಚಿ ಆಲಿಸಿ. ಭಟ್ಟರ ಮಂತ್ರ, ವಾಲಗ, ಹಿಂದೆ ನಿಂತು ಶೋಭಾನೆ ಹೇಳುವ ಹೆಂಗಸರ ದನಿ ಕೇಳುತ್ತದೋ, ಇಲ್ಲ ಎಲ್ಲದರ ಮೇಲೂ ಸಿನಿಮಾ ಹಾಡು ಹೊದೆಸಿದ್ದಾರೋ? ಹಾಡು ಸೇರಿಸದ ಒಂದು ಪ್ರತಿ ಬೇಕೇ ಬೇಕು ಎನ್ನಿ. ಮದುವೆ ಹಾಲ್‌ನಲ್ಲಿ ಸಿನಿಮಾ ಹಾಡು ನುಡಿಸಲು ಅದೇ ಕಾಯ್ದೆ ಅಡ್ಡ ಬರುವುದಿಲ್ಲ. ಅದೇ ಹಾಡು ಹಚ್ಚಿದ ವಿಡಿಯೊ ಯೂಟ್ಯೂಬ್‌ಗೆ ಏರಿತೆಂದರೆ ಸದ್ದೇ ಅಡಗಬಹುದು. ಅಜ್ಜಿಯ ಶೋಭಾನೆಗೆ ಆ ತಕರಾರಿಲ್ಲ.